ಆರಾಮ ಎಂದವನ ಅಕ್ಷರ

ಲಕ್ಷ್ಮೇಶ್ವರದಲ್ಲಿ ನಾನು ಟ್ರ್ಯಾಕ್ಟರ್ ಟ್ರಾಲಿಗಳ ಹಿಂಬದಿಗೆ ದೇವರ ಹೆಸರು ಬರೆಯುವ ಪೇಂಟರ್. ಫ್ಲೆಕ್ಸ್ ಬಂದು ಉಳಿದವರ ಬ್ರಷ್ ಒಣಗಿದರೂ ಟ್ರಾಲಿಯವರು ನನ್ನನ್ನು ಬಿಟ್ಟಿರಲಿಲ್ಲ. ಸ್ಕೇಲ್ ಹಿಡಿಯದೆ ಒಂದೇ ಅಳತೆಯ ಅಕ್ಷರ ಬರೆಯುತ್ತೇನೆಂಬ ಜಂಬ ನನಗೆ. ಮೊದಲು ತಲೆ ಕೈಕೊಟ್ಟಿತು, ಆಮೇಲೆ ಕೈಯೂ ಕೈಕೊಟ್ಟಿತು.

ತಲೆಯ ಕಥೆ ಚಿಕ್ಕದು. ಮೂರು ವರ್ಷದ ಹಿಂದೆ ಯಾರೂ ಇಲ್ಲದ ಕಡೆಯಿಂದ ನನಗೆ ಮಾತು ಕೇಳಿಸತೊಡಗಿತು. ಹೊಗಳಿಕೆಯಾಗಿದ್ದರೆ ನಾನು ಯಾರಿಗೂ ಹೇಳುತ್ತಿರಲಿಲ್ಲ, ಬರೀ ಬೈಗುಳ. ಹೆಂಡತಿ ಗದಗಿನ ಮನೋವೈದ್ಯರ ಬಳಿ ಕರೆದೊಯ್ದಳು. ಹದಿನೈದು ದಿನ ಅಲ್ಲೇ ಇಟ್ಟುಕೊಂಡರು. ಗುಳಿಗೆ ನುಂಗುತ್ತ ಹೋದಂತೆ ಬೈಯುವವರೆಲ್ಲ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಆದರೆ ಗುಳಿಗೆ ಒಂಟಿಯಾಗಿ ಬರಲಿಲ್ಲ, ಹಸಿವನ್ನೂ ಕರೆತಂದಿತು. ಎರಡು ಪ್ಲೇಟ್ ಗಿರ್ಮಿಟ್ ತಿಂದು ಮನೆಗೆ ಹೋಗಿ ಊಟಕ್ಕೇನು ಎಂದು ಕೇಳುತ್ತಿದ್ದೆ. ಅಂಗಿಯ ಗುಂಡಿಗಳು ಕಾಜವನ್ನು ದೂರದಿಂದ ನೋಡುವಂತಾದವು. ಬಂಧುಗಳಿಗಂತೂ ಖುಷಿ: "ಮೈ ಕೈ ತುಂಬಿಕೊಂಡೀರಿ, ಖರೇನ ಆರಾಮಾಗೀರಿ." ಬೆಳಗ್ಗೆ ಏಳುವಾಗ ಜೊಲ್ಲಿಗೆ ದಿಂಬು ಒದ್ದೆಯಾಗಿರುತ್ತಿದ್ದುದು ಅವರಿಗೇನು ಗೊತ್ತು.

ತಿಂಗಳಿಗೊಮ್ಮೆ ಡಾಕ್ಟರು ಕೇಳುತ್ತಿದ್ದರು: "ಹೆಂಗದೀರಿ, ಆರಾಮ?"

"ಆರಾಮ ರೀ."

ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಕಾಲು ಮುರಿದು ಮಲಗಿದವನೂ ಮೊದಲು ಆರಾಮ ಎಂದು, ಆಮೇಲೆ ಬಿದ್ದದ್ದನ್ನು ಹೇಳುತ್ತಾನೆ. ನಾನು ಮೊದಲನೆಯದನ್ನು ಹೇಳಿ ಎದ್ದುಬಿಡುತ್ತಿದ್ದೆ. ರಕ್ತ ಪರೀಕ್ಷೆಗೆಂದು ಅವರು ಬರೆದುಕೊಟ್ಟ ಚೀಟಿಯಲ್ಲಿ ಬ್ರಷ್ ಒರೆಸಿದ ಬುದ್ಧಿವಂತನೂ ನಾನೇ. ನಿಜ ಹೇಳಬೇಕೆಂದರೆ, ನನಗೆ ಹೆದರಿಕೆ. ಆರಾಮ ಇಲ್ಲ ಎಂದರೆ ಮತ್ತೆ ಒಳಗೆ ಮಲಗಿಸುತ್ತಾರೆಂದು ನಂಬಿದ್ದೆ.

ಅಷ್ಟರಲ್ಲಿ ಬಾಳೆಹೊಸೂರಿನ ರೈತರೊಬ್ಬರ ಹೊಸ ಟ್ರಾಲಿ ಬಂತು. 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಬರೆಯಬೇಕು. ಗುಳಿಗೆ ಶುರುವಾದ ಮೇಲೆ ಮೆಲ್ಲಮೆಲ್ಲಗೆ ಕೈ ಬಿಗಿದು ನಡುಗತೊಡಗಿತ್ತು. 'ಶ್ರೀ' ಗೇಣುದ್ದ ಬಂತು. 'ಪ್ರಸನ್ನ'ಕ್ಕೆ ಬರುವಷ್ಟರಲ್ಲಿ ಅಕ್ಷರಗಳು ಇರುವೆಗಳಾಗಿದ್ದವು.

ರೈತರು ಬಹಳ ಹೊತ್ತು ನಿಂತು ನೋಡಿದರು. "ಪೇಂಟರ್, ಹೋಗಹೋಗತ ಸಣ್ಣ ಆಗೇತಲ್ರಿ?"

"ಈಗ ಇದ ಹೊಸಾ ಸ್ಟೈಲ್ ರೀ," ಎಂದೆ.

ಪಾಪ, ನಂಬಿ ತಲೆಯಾಡಿಸಿ ಟ್ರಾಲಿ ಒಯ್ದರು. ಅಂದು ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಕೈ ಹೋದರೆ ನಾನು ಯಾರು? ಯಾರಿಗೂ ಹೇಳದೆ ಅಂದಿನಿಂದಲೇ ಗುಳಿಗೆಯನ್ನು ಅರ್ಧ ಮುರಿದು ನುಂಗತೊಡಗಿದೆ.

ಕೆಲವು ದಿನಗಳಲ್ಲಿ ಕೈ ಹಗುರಾಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆಮೇಲೆ ಬಣ್ಣದ ಡಬ್ಬಿಗಳು ಬೈಯತೊಡಗಿದವು, ಅದೂ ನನ್ನ ಅಕ್ಷರದ ಬಗ್ಗೆಯೇ. ಕೆಂಪು ಡಬ್ಬಿಗೆ ನಾನು ಜೋರಾಗಿ ಉತ್ತರ ಕೊಡುತ್ತಿದ್ದಾಗ ಹೆಂಡತಿ ಚಹಾ ತಂದಳು. ಕಪಾಟು ಹುಡುಕಿ ಅರ್ಧ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ನಿಂತಳು.

ಮರುದಿನ ಗದಗ.

"ಹೆಂಗದೀರಿ, ಆರಾಮ?" ಎಂದರು ಡಾಕ್ಟರು.

"ಆರಾಮ ರೀ," ಎಂದೆ.

"ಆರಾಮ ಇಲ್ರಿ ಸರ," ಎಂದಳು ಹೆಂಡತಿ. "ಇವರಿಗೊಂದು ಹಾಳಿ ಕೊಡ್ರಿ. ಆ ಟ್ರಾಲಿ ಮ್ಯಾಲ ಬರದದ್ದನ್ನ ಬರೀಲಿ."

ಬರೆದೆ. ಇರುವೆಗಳು ಪೂರ್ತಿ ಹೋಗಿರಲಿಲ್ಲ. ಅವಳು ಅರ್ಧ ಗುಳಿಗೆಗಳನ್ನೂ ಮೇಜಿನ ಮೇಲಿಟ್ಟಳು. ಡಾಕ್ಟರು ಎರಡನ್ನೂ ನೋಡಿದರು.

"ಈ ಗುಳಿಗಿಯಿಂದ ಹಿಂಗ ಆಗತೈತ್ರಿ. ಬ್ಯಾರೆ ಗುಳಿಗಿ ಅದಾವು. ಹೇಳಿದ್ರ ಯಾವಾಗೋ ಬದಲಿ ಮಾಡ್ತಿದ್ದೆ. ಆದ್ರ ನಿಮ್ಮಷ್ಟಕ್ಕ ನೀವ ಕಡಿಮಿ ಮಾಡಬ್ಯಾಡ್ರಿ."

ತಲೆ ಇಲ್ಲವೇ ಕೈ, ಎರಡರಲ್ಲಿ ಒಂದೇ ನನ್ನ ಪಾಲಿಗೆ ಎಂದು ತಿಳಿದಿದ್ದೆ. ಬೇರೆ ಗುಳಿಗೆ ಇದೆ ಎಂಬ ಮಾತಿಗೆ ನನಗೆ ಅಳು ಬಂತು. ಇಷ್ಟು ದಿನ ಬಾಯಿ ಮುಚ್ಚಿ ಕುಳಿತದ್ದಕ್ಕೂ ಅಳು ಬಂತು. ಪರೀಕ್ಷೆಗೆ ರಕ್ತ ಕೊಟ್ಟೆ; ಸಕ್ಕರೆಯೂ ಏರಿತ್ತು. ಹೊಸ ಗುಳಿಗೆಗೆ ಹೇಗೆ ನಿಧಾನವಾಗಿ ಬದಲಾಗಬೇಕೆಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿಯನ್ನು ಹೆಂಡತಿ ನನ್ನ ಕೈಗೆ ಕೊಡಲಿಲ್ಲ.

ಮರಳುವಾಗ ಬಸ್ಸಿನಲ್ಲಿ ಬಾಳೆಹೊಸೂರಿನ ಅದೇ ರೈತರು ಪಕ್ಕಕ್ಕೆ ಬಂದು ಕುಳಿತರು.

"ಆರಾಮ ರೀ ಪೇಂಟರ್?"

ಆರಾಮ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಕಿಟಕಿಯ ಪಕ್ಕದಿಂದ ಹೆಂಡತಿ ನೋಡುತ್ತಿದ್ದಳು.

"ಇಲ್ರಿ," ಎಂದೆ. "ತಲಿಗೆ ಗುಳಿಗಿ ತೊಗೋತೀನಿ. ಅದಕ್ಕ ಕೈ ಬಿಗೀತಿತ್ತು. ನಿಮ್ಮ ಟ್ರಾಲಿದು ಹೊಸಾ ಸ್ಟೈಲ್ ಅಲ್ರಿ. ಕೈ ಸುಧಾರಿಸಿದ ಮ್ಯಾಲ ಅಳಿಸಿ ಬರದು ಕೊಡ್ತೀನಿ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬಸ್ಸಿನ ಬಾಗಿಲ ಕಡೆ ನೋಡಿದರು. ನನ್ನ ಪಕ್ಕ ಕುಳಿತದ್ದಕ್ಕೆ ಪಶ್ಚಾತ್ತಾಪ ಪಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಮೆಲ್ಲಗೆ ಹೇಳಿದರು:

"ನನ್ನ ತಮ್ಮಗೂ ತಲಿಗೆ ಗುಳಿಗಿ ಐತ್ರಿ. ಎರಡು ವರ್ಷ ಆತು, ಗ್ವಾಡಿ ನೋಡ್ಕೋತ ಕುಂತಿರ್ತಾನ. ಯಾವಾಗ ಕೇಳಿದ್ರೂ ಆರಾಮ ಅಂತಾನ."