ಗೋಲ್‌ಕೀಪರ್ ಜುಂಜಣ್ಣನ ಎಂವಿಪಿ

ಆಗದ ಮಾತು ಎಂದವರು ನಮ್ಮ ತಾಂತ್ರಿಕ ಸಮಿತಿಯ ಅಧ್ಯಕ್ಷ ಖನ್ನಾ. "ಆಟಗಾರ ಇದ್ದರೆ ವೇದಿಕೆಗೆ ಬರಬೇಕು. ಇಲ್ಲದಿದ್ದರೆ ಮರಣೋತ್ತರ ಎಂದು ಬರೆಯಬೇಕು. ಮೂರನೆಯ ದಾರಿ ಇಲ್ಲ."

ಅದು ಕಳೆದ ಚಳಿಗಾಲ. ಲಡಾಖ್‌ನಲ್ಲಿ ನಡೆಯುತ್ತಿದ್ದ ರಾಷ್ಟ್ರೀಯ ಐಸ್ ಹಾಕಿ ಲೀಗಿಗೆ ನಾನು ವಿಡಿಯೋ ಅನಲಿಸ್ಟ್. ಪ್ರತಿ ಪಂದ್ಯದ ಚಿತ್ರ, ಧ್ವನಿ ಎರಡನ್ನೂ ತಿರುತಿರುಗಿ ಹಾಕಿ, ಯಾರು ಏನು ಮಾಡಿದರೆಂದು ಗುರುತಿಸುವ ಕೆಲಸ. ಅದನ್ನು ನೋಡಿ ಕೋಚ್‌ಗಳು ಎಂವಿಪಿಗೆ, ಅಂದರೆ ಲೀಗಿನ ಅತ್ಯಮೂಲ್ಯ ಆಟಗಾರನ ಪ್ರಶಸ್ತಿಗೆ, ಮತ ಹಾಕುತ್ತಾರೆ. ತುರುವೇಕೆರೆ ಕಡೆ ತೆಂಗಿನಕಾಯಿ ಸುಲಿಯುವವರ ಮಗಳು ನಾನು. ಮನೆತನದಲ್ಲೇ ಡಿಗ್ರಿ ಮುಗಿಸಿದ ಮೊದಲನೆಯವಳು. ಹೇಳಿಕೊಳ್ಳಲು ಸಂಕೋಚವಿಲ್ಲ. ನನ್ನ ಸರ್ಟಿಫಿಕೇಟ್ ಬಂದ ದಿನ ಅಪ್ಪ ಮೊಹರಿನ ಸುತ್ತಲಿನ ಅಕ್ಷರವನ್ನೂ ಬಿಡದೆ ಓದಿಸಿ ಕೇಳಿದ್ದರು. ಅಚ್ಚಾದ ಒಂದು ಪದ ನಮ್ಮಂಥವರ ಮನೆಯಲ್ಲಿ ಎಷ್ಟು ತೂಗುತ್ತದೆ ಎಂದು ಆಗಲೇ ಗೊತ್ತಾಗಿತ್ತು.

ಸೇನಾ ತಂಡದ ಗೋಲ್‌ಕೀಪರ್ ಜುಂಜಣ್ಣ ಹುಳಿಯಾರು ಕಡೆಯ ಹಟ್ಟಿಯವನು, ಕುರಿ ಕಾಯುವ ಮನೆಯವನು. ಸೈನ್ಯ ಸೇರಿದ ಮೇಲೆಯೇ ಹಿಮ ಕಂಡವನು. ಮೊದಲ ಸಲ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದ ಅಂಚಿನಲ್ಲಿ ನನ್ನ ಕನ್ನಡ ಕೇಳಿ ಮುಖದ ಜಾಲರಿ ಮೇಲೆತ್ತಿದ.

"ಯಾವೂರ್ರೀ?"

"ತುರುವೇಕೆರೆ ಕಡೆ."

"ಓ, ನೀರಿನೋರು ಬುಡ್ರೀ! ನಮ್ಮ ಕಡೆ ಬೋರು ಕೊರ್ಸಿದ್ರೆ ಧೂಳು ಬತ್ತದೆ. ಅದ್ಕೇ ದೇವ್ರು ನನ್ನ ನೀರಿನ ಮೇಲೇ ತಂದು ನಿಲ್ಸವ್ನೆ!"

ಆಟದಲ್ಲಿ ಪಕ್ ಎಂಬ ರಬ್ಬರ್ ಬಿಲ್ಲೆ ಬಲೆಯ ಹಿಂದಕ್ಕೆ ಜಾರಿದರೆ, ಬೆನ್ನು ಮಾಡಿ ನಿಂತ ಡಿಫೆಂಡರ್‌ಗಳಿಗೆ ಕಾಣುವುದಿಲ್ಲ. ಆಗ ಅವನು ಕುರಿಹಿಂಡು ತಿರುಗಿಸುವಂತೆ "ಟುರ್ರ್ ಹೋಯ್!" ಎನ್ನುತ್ತಿದ್ದ. ಕನ್ನಡದ ಗಂಧವಿಲ್ಲದ ಇಬ್ಬರು ಲಡಾಖಿ ಡಿಫೆಂಡರ್‌ಗಳು ಆ ಕೂಗಿಗೆ ಸರಕ್ಕನೆ ತಿರುಗುತ್ತಿದ್ದರು.

ಸೆಮಿಫೈನಲ್ ಗೆದ್ದು, ಫೈನಲ್‌ಗೆ ಮುನ್ನ ಕೆಲವು ದಿನದ ಡ್ಯೂಟಿಗೆಂದು ಜುಂಜಣ್ಣ ತನ್ನ ಗಡಿ ಠಾಣೆಗೆ ಮರಳಿದ. ಗಸ್ತಿನಲ್ಲಿದ್ದಾಗ ಹಿಮ ಕುಸಿಯಿತು. ಜೊತೆಯವರನ್ನು ಎಳೆದು ತೆಗೆದರು. ಅವನು ಸಿಗಲಿಲ್ಲ. ಹಿಮ ಕರಗುವವರೆಗೆ ಹುಡುಕುವುದು ಕಷ್ಟವೆಂದರು. ಕಾಗದದಲ್ಲಿ "ಕಾಣೆ" ಎಂದಷ್ಟೇ ಬರೆದರು.

ಅಷ್ಟರಲ್ಲಿ ಎಂವಿಪಿ ಮತಗಳು ಬಿದ್ದಾಗಿತ್ತು. ಅವನೇ ಮುಂದಿದ್ದ. ಹಟ್ಟಿಗೆ ಫೋನ್ ಮಾಡಿದೆ. ಅವನ ಚಿಕ್ಕಪ್ಪ ಸಿದ್ದಣ್ಣ ದನಿ ತಗ್ಗಿಸಿದರು: "ಸತ್ತ ಅಂತ ಇರೋ ಕಾಗ್ದ ತರ್ಬ್ಯಾಡ ಕಣವ್ವ. ಅವ್ನವ್ವ, ನಮ್ಮತ್ತಿಗೆ, ಅದ್ನ ಮುಟ್ಟಾಕಿಲ್ಲ. ಇನ್ನೂ ತಿಥಿನೇ ಮಾಡಿಲ್ಲ, ಮನ್ಯಾಗೆ ಯಾರೂ ಆ ಮಾತೇ ಎತ್ತಾಕಿಲ್ಲ."

ಇದನ್ನು ತಿಳಿಸಿ, "ಮರಣೋತ್ತರ" ಎಂಬ ಪದವಿಲ್ಲದೆ ಪ್ರಶಸ್ತಿ ಕೊಡಿ ಎಂದಾಗಲೇ ಖನ್ನಾ ಮೂರನೆಯ ದಾರಿ ಇಲ್ಲ ಎಂದಿದ್ದು. ಆ ಪದ ಬೇಡವೆಂದರೆ ಪ್ರಶಸ್ತಿ ಎರಡನೆಯವನಿಗೆ ಹೋಗುತ್ತಿತ್ತು.

ಫೈನಲ್‌ಗೆ ಬಲೆಯ ಮುಂದೆ ಬೇರೆ ಕೀಪರ್ ನಿಂತ. ಮಿತಭಾಷಿ, ಕೂಗುವವನಲ್ಲ. ಪಂದ್ಯ ಮುಗಿದ ಮೇಲೆ ಹೆಡ್‌ಫೋನ್ ಹಾಕಿ ಧ್ವನಿ ಪರಿಶೀಲಿಸುತ್ತಿದ್ದೆ. ಪಕ್ ಬಲೆಯ ಹಿಂದಕ್ಕೆ ಜಾರಿತು. "ಟುರ್ರ್ ಹೋಯ್!"

ಹೆಡ್‌ಫೋನ್ ಕಿತ್ತು ಹಿಂದೆ ತಿರುಗಿ ನೋಡಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮತ್ತೆ ಹಾಕಿದೆ. ಕೂಗಿದ್ದು ಆ ಇಬ್ಬರು ಡಿಫೆಂಡರ್‌ಗಳು, ಒಬ್ಬರಿಗೊಬ್ಬರು. ದನಿ ಎರಡೇ ಎಂದು ಪರದೆ ಹೇಳುತ್ತಿತ್ತು. ಕಿವಿ ಒಪ್ಪಲಿಲ್ಲ.

ಅದನ್ನು ಖನ್ನಾ ಅವರಿಗೆ ಕೇಳಿಸಿದೆ. "ಇದು ಇದ್ದವನದೋ, ಇಲ್ಲದವನದೋ, ಸಾರ್?"

ಅವರು ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಪೆನ್ನು ತೆಗೆದು ಪ್ರಶಸ್ತಿ ಪತ್ರದ ಕರಡು ಪ್ರತಿಯಲ್ಲಿದ್ದ "ಮರಣೋತ್ತರ"ವನ್ನು ಹೊಡೆದುಹಾಕಿದರು.

ಆಟಗಾರನ ಬೆಲೆ ಅವನು ಆಡಿದ್ದರಲ್ಲೇ ಮುಗಿಯುವುದಿಲ್ಲ, ಅವನು ಬಿಟ್ಟುಹೋದ ಜಾಗವನ್ನು ಉಳಿದವರು ಹೇಗೆ ತುಂಬುತ್ತಾರೆ ಎಂಬುದರಲ್ಲೂ ಇರುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಅದು. ಆದರೂ ಇವತ್ತಿಗೂ ಹೆಡ್‌ಫೋನ್ ಹಾಕುವ ಮುಂಚೆ ಕೈ ಒಂದು ಗಳಿಗೆ ನಿಲ್ಲುತ್ತದೆ.

ಪ್ರಶಸ್ತಿ ಪತ್ರ ಹಿಡಿದು, ಬೋರನಕಣಿವೆ ಜಲಾಶಯ ದಾಟಿ ಜುಂಜಣ್ಣನ ಹಟ್ಟಿಗೆ ಹೋದೆ. ತಾಯಿ ಕರಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು. ಸಿದ್ದಣ್ಣ ನನ್ನ ಪಕ್ಕದಲ್ಲೇ ನಿಂತರು. "ಏನ್ ಐತೋ ಅಷ್ಟ್ನೇ ಓದವ್ವ."

ಓದಿದೆ. ಪತ್ರವನ್ನು ಆಕೆಯ ಕೈಗಿಟ್ಟೆ. ಆಕೆ ಅಕ್ಷರಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ಅವ್ನು ಇಲ್ಲ ಅಂತ ಇದ್ರಾಗೆ ಎಲ್ಲೂ ಬರ್ದಿಲ್ವೇನವ್ವ?"

"ಇಲ್ಲ ಕಣಮ್ಮ."

ಸಿದ್ದಣ್ಣ ನೆಲ ನೋಡಿದರು.

"ಹಂಗಾರೆ ನೀನಾದ್ರೂ ಬಾಯ್ಬುಟ್ಟು ಹೇಳವ್ವ," ಎಂದರು ಕರಿಯಮ್ಮ. "ಇಲ್ಲೀಗಂಟ ಒಬ್ರೂ ನಂಗೆ ಹೇಳಿಲ್ಲ."