ಆಕಾಶದಿಂದ ಇಳಿಸುವವರ ಕೂಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಯಲಿನ ತುದಿಯಲ್ಲಿ ತಗಡಿನ ದೊಡ್ಡ ಶೆಡ್ಡು, ಅದರ ಮುಂದೆ ಒಂದು ಪುಟ್ಟ ವಿಮಾನ. ಶೆಡ್ಡಿನ ಬಾಗಿಲಲ್ಲಿ ನಿಂತ ವ್ಯಕ್ತಿಯೊಬ್ಬರು ಕೈಯಲ್ಲಿರುವ ಚಹಾ ಕುಡಿಯುವುದನ್ನೂ ಮರೆತು ಕತ್ತೆತ್ತಿ ಮೋಡ ನೋಡುತ್ತಿದ್ದಾರೆ. ವಯಸ್ಸು ಐವತ್ತರ ಹತ್ತಿರ. ಬಲಗಾಲನ್ನು ನೆಲಕ್ಕೆ ಪೂರ್ತಿ ಊರದೆ, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತಿದ್ದಾರೆ.

"ಮೋಡ ಚೆದುರಿದ್ರೆ ಮನೇಲಿ ಒಲೆ ಉರಿಯುತ್ತೆ. ಕವಿದ್ರೆ ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ, ಮುಖ ಮೇಲೆಯೇ ಇದೆ.

ಇವರನ್ನು ಶೆಡ್ಡಿನಲ್ಲಿ ಎಲ್ಲರೂ ಕರೆಯುವುದು ತೊಟ್ಟಿಲಣ್ಣ ಎಂದು. ರಜೆಯ ದಿನ ಮೋಜಿಗೆಂದು ಬರುವ ಗಿರಾಕಿಗಳನ್ನು ಎದೆಗೆ ಬಿಗಿದುಕೊಂಡು ವಿಮಾನದಿಂದ ಹಾರುವುದು, ಪ್ಯಾರಾಚೂಟ್ ಬಿಚ್ಚಿಸಿ ನೆಲಕ್ಕೆ ಇಳಿಸುವುದು ಇವರ ಕೆಲಸ. ಮದುವೆ ಗೊತ್ತಾದ ಜೋಡಿಗಳು, ಬಡ್ತಿ ಸಿಕ್ಕ ಬ್ಯಾಂಕಿನವರು, ಅರವತ್ತು ತುಂಬಿದ ಖುಷಿಗೆ ಬಂದ ಅಜ್ಜಂದಿರು, ಎಲ್ಲರೂ ಇವರ ಎದೆಯ ಮೇಲೆ ಮಗುವಿನ ಹಾಗೆ ತೂಗಿದವರೇ. ಇಳಿದ ಮೇಲೆ ಗಿರಾಕಿ ಗೋಡೆಗೆ ಹಾಕಿಕೊಳ್ಳುವ ಫೋಟೋದಲ್ಲಿ ಗಿರಾಕಿಯ ನಗು ಕಾಣುತ್ತದೆ, ಹಲ್ಲು ಕಾಣುತ್ತದೆ. ಹಿಂದೆ ತೊಟ್ಟಿಲಣ್ಣನ ಒಂದು ಕಿವಿ ಕಂಡರೆ ಹೆಚ್ಚು.

ಈಗ ಆ ನಗುವಿನ ಬೆಲೆಯ ವಿಷಯಕ್ಕೆ ಬರೋಣ. ಒಂದು ಜಿಗಿತಕ್ಕೆ ಗಿರಾಕಿ ಕೊಡುವ ಹಣದಲ್ಲಿ ತೊಟ್ಟಿಲಣ್ಣನಿಗೆ ಸಿಗುವುದು ಹತ್ತರಲ್ಲೊಂದು ಪಾಲು. ಅದೇ ಜಿಗಿತದ ವಿಡಿಯೋ ಬೇಕೆಂದರೆ ಗಿರಾಕಿ ಬೇರೆ ಹಣ ಕಟ್ಟಬೇಕು. ವಿಡಿಯೋ ತೆಗೆಯುವುದು ತೊಟ್ಟಿಲಣ್ಣನ ಮಣಿಕಟ್ಟಿಗೆ ಕಟ್ಟಿದ ಕ್ಯಾಮೆರಾ. ಆ ವಿಡಿಯೋದ ಬೆಲೆ ಇವರ ಕೂಲಿಯ ಎರಡರಷ್ಟು! ಜೀವ ಉಳಿಸಿ ಇಳಿಸುವವರಿಗಿಂತ ಜೀವ ಉಳಿದದ್ದನ್ನು ತೋರಿಸುವ ಚಿತ್ರಕ್ಕೇ ಹೆಚ್ಚು ಕಿಮ್ಮತ್ತು. ಗಾಳಿ ಎದ್ದರೆ ಹಾರಾಟವಿಲ್ಲ, ಹಾರಾಟವಿಲ್ಲದಿದ್ದರೆ ಕೂಲಿಯಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಶೆಡ್ಡಿನಲ್ಲಿ ಕಾದಿರಲೇಬೇಕು, ಯಾವ ಗಳಿಗೆಯಲ್ಲಿ ಗಾಳಿ ತಗ್ಗುತ್ತದೋ ಯಾರಿಗೆ ಗೊತ್ತು. ಟಿಕೆಟ್ ಹರಿಯುವ ಹುಡುಗಿಗೆ, ಕಾವಲುಗಾರನಿಗೆ, ಮ್ಯಾನೇಜರಿಗೆ ತಿಂಗಳ ಸಂಬಳ. ಹಾರುವವರಿಗೆ ಮಾತ್ರ ಜಿಗಿತಕ್ಕಿಷ್ಟು ಎಂಬ ಲೆಕ್ಕ.

"ಇಷ್ಟು ವರ್ಷ ಹಾರಿದ್ದೆಲ್ಲ ಕೂಡಿಸಿದ್ರೂ ಆ ವಿಮಾನದ ಒಂದು ಚಕ್ರ ಬರಲ್ಲ," ಎಂದು ತೊಟ್ಟಿಲಣ್ಣ ನಗುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿ ನಗುವುದಿಲ್ಲ.

ಆಕೆಯೂ ಇದೇ ಶೆಡ್ಡಿನವರು. ಇಳಿದು ಬಂದ ಪ್ಯಾರಾಚೂಟನ್ನು (ಇಲ್ಲಿಯವರ ಬಾಯಲ್ಲಿ ಅದು ಛತ್ರಿ) ನೆಲದ ಜಮಖಾನದ ಮೇಲೆ ಹರಡಿ, ಹಗ್ಗ ಬಿಡಿಸಿ, ಮಡಚಿ, ಮೊಣಕಾಲೂರಿ ಗಾಳಿ ಹೊರದೂಡಿ ಚೀಲಕ್ಕೆ ತುಂಬುವುದು ಆಕೆಯ ಕೆಲಸ. ಕೂಲಿ ಚೀಲಕ್ಕಿಷ್ಟು. ಗಂಡನ ಜೀವ ಜೋತುಬೀಳುವುದು ಹೆಂಡತಿಯ ಕೈಕೆಲಸಕ್ಕೆ. "ಜಗಳ ಆಡಿದ ದಿನ ಬೇರೆಯವರು ಮಡಚಿದ ಚೀಲ ಹುಡುಕ್ತೀನಿ," ಎಂದು ತೊಟ್ಟಿಲಣ್ಣ ಗಿರಾಕಿಗಳ ಭಯ ಬಿಡಿಸಲು ಹೇಳುವುದುಂಟು. ಆಕೆ ಗಂಡನ ಕಡೆ ತಿರುಗಿಯೂ ನೋಡದೆ, "ಹಾಗಿದ್ರೆ ಇವರು ವರ್ಷವಿಡೀ ಬೇರೆಯವರ ಚೀಲದಲ್ಲೇ ಹಾರಬೇಕಿತ್ತು," ಎನ್ನುತ್ತಾರೆ.

ತೊಟ್ಟಿಲಣ್ಣ ಮೊದಲು ಲಾರಿ ಮೆಕ್ಯಾನಿಕ್. ಒಮ್ಮೆ ಗೆಳೆಯನೊಬ್ಬನ ಜೊತೆ ಈ ಬಯಲಿಗೆ ಬಂದು, ಕೂಡಿಟ್ಟ ಹಣ ಕೊಟ್ಟು ಹಾರಿದರು. ಅಲ್ಲಿಗೆ ಮುಗಿಯಿತು. ತಿಂಗಳ ದುಡಿಮೆಯಲ್ಲಿ ಅರ್ಧ ಆಕಾಶಕ್ಕೇ ಹೋಗತೊಡಗಿತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ" ಎಂದು ತಾಯಿ ಬೈದರು. ಮಗ ಕೇಳಲಿಲ್ಲ. ಹಾರುವುದನ್ನು ಕಲಿತು, ಕಲಿಸುವುದನ್ನೂ ಕಲಿತು, ಗ್ಯಾರೇಜು ಬಿಟ್ಟು ಇಲ್ಲಿಗೇ ಬಂದು ಸೇರಿದರು. ಶೆಡ್ಡು, ವಿಮಾನ ಎರಡರ ಒಡೆಯನಾದ ಧಣಿಗೆ ಅದೇ ಬೇಕಾಗಿತ್ತು. ಕೂಲಿ ಹೆಚ್ಚಿಸಿ ಎಂದು ಕೇಳಿದಾಗಲೆಲ್ಲ ಧಣಿ ಬೆನ್ನು ತಟ್ಟಿ ಹೇಳುವ ಮಾತು ಒಂದೇ: "ನಿನಗೆ ಇದು ಕೆಲಸವೇನಯ್ಯಾ? ದುಡ್ಡು ಕೊಡದಿದ್ರೂ ಹಾರ್ತೀಯ ನೀನು!"

"ಪ್ರೀತಿ ಇದೆ ಅಂತ ಕೂಲಿ ಕಡಿಮೆ ಮಾಡೋದು ಯಾವ ನ್ಯಾಯ ಸ್ವಾಮಿ?" ಎಂದು ಕೇಳುತ್ತಾರೆ ತೊಟ್ಟಿಲಣ್ಣ. "ಅಡುಗೆಯವನಿಗೆ ಅಡುಗೆ ಇಷ್ಟ ಅಂತ ಹೋಟೆಲಲ್ಲಿ ಪುಕ್ಕಟೆ ಮಾಡಿಸ್ತಾರಾ?"

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿಯ ಸಂಸಾರ ಹೀಗೇ ಸಾಗುತ್ತಿತ್ತು. ಹೋದ ವರ್ಷದ ಒಂದು ರಜಾದಿನ ಎಲ್ಲವನ್ನೂ ಅಲ್ಲಾಡಿಸಿತು.

ಅಂದು ಜನ ಜಾತ್ರೆಯಂತೆ ಕಿಕ್ಕಿರಿದಿದ್ದರು. ತೊಟ್ಟಿಲಣ್ಣನ ಪಾಲಿಗೆ ಬಂದವರು ಒಬ್ಬ ಹಲ್ಲಿನ ಡಾಕ್ಟರಮ್ಮ, ಹುಟ್ಟುಹಬ್ಬಕ್ಕೆಂದು ಒಬ್ಬರೇ ಬಂದಿದ್ದರು. ವಿಮಾನದಿಂದ ಜಿಗಿದದ್ದು ಸರಿಯಾಗಿಯೇ ಇತ್ತು. ಛತ್ರಿ ಬಿಚ್ಚಿದ ಗಳಿಗೆಯಲ್ಲೇ ಎಡಗಡೆಯ ಹಗ್ಗಗಳು ಪಟಪಟನೆ ಹರಿದವು. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಜೋಲುಬಿದ್ದ ಛತ್ರಿ ಇಬ್ಬರನ್ನೂ ಬುಗುರಿಯಂತೆ ತಿರುಗಿಸತೊಡಗಿತು.

"ಏನಾಗ್ತಿದೆ?" ಎಂದು ಡಾಕ್ಟರಮ್ಮ ಕಿರುಚಿದರು.

"ಈ ಛತ್ರಿ ಬೇಡಮ್ಮ, ಇನ್ನೊಂದಿದೆ. ಕೈ ಎದೆ ಮೇಲಿಟ್ಕೊಳ್ಳಿ," ಎಂದರು ತೊಟ್ಟಿಲಣ್ಣ. ಅಂಗಡಿಯಲ್ಲಿ ಬಟ್ಟೆ ಬದಲಿಸಿ ತೋರಿಸುವಷ್ಟು ಸಲೀಸಾಗಿ ಹೇಳಿದರಂತೆ, ಡಾಕ್ಟರಮ್ಮ ಇಂದಿಗೂ ಅದನ್ನೇ ಹೇಳುತ್ತಾರೆ. ಕೆಟ್ಟ ಛತ್ರಿಯನ್ನು ಕಳಚಿಬಿಟ್ಟರು, ಮತ್ತೆ ಕಲ್ಲಿನಂತೆ ಬಿದ್ದರು, ಆಪತ್ತಿಗೆಂದು ಬೆನ್ನಲ್ಲೇ ಇರುವ ಎರಡನೇ ಛತ್ರಿ ಎಳೆದರು. ಅದು ಬಿಚ್ಚಿಕೊಂಡಿತು. ಆದರೆ ಇಳಿಯುವ ಬಯಲು ದೂರ ಉಳಿದಿತ್ತು. ಕೆಳಗೆ ಕಂಡದ್ದು ಹೆಂಟೆ ಎದ್ದ ಉತ್ತ ಹೊಲ. ಇಳಿಯುವಾಗ ಗಿರಾಕಿ ಕಾಲು ಮೇಲೆತ್ತಬೇಕು. ಹೆದರಿ ಮರಗಟ್ಟಿದ್ದ ಡಾಕ್ಟರಮ್ಮನಿಗೆ ಕಾಲು ಏಳಲಿಲ್ಲ. ತೊಟ್ಟಿಲಣ್ಣ ತಮ್ಮ ಮಂಡಿಯಿಂದ ಆಕೆಯ ತೊಡೆಗಳನ್ನು ಮೇಲಕ್ಕೆ ತಳ್ಳಿ, ಇಬ್ಬರ ಭಾರವನ್ನೂ ತಮ್ಮ ಬಲಗಾಲಿಗೇ ತೆಗೆದುಕೊಂಡರು. ಹಿಮ್ಮಡಿಯ ಮೂಳೆ ನುಚ್ಚುನೂರಾಯಿತು. ಡಾಕ್ಟರಮ್ಮನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಇಂಥ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಿತ್ತು. ಆದದ್ದೇ ಬೇರೆ. ಆಸ್ಪತ್ರೆಯ ಖರ್ಚು ಕೇಳಿದಾಗ ಕಚೇರಿಯಿಂದ ಬಂದ ಉತ್ತರ: "ಅವರು ನಮ್ಮ ನೌಕರರಲ್ಲ. ಜಿಗಿತಕ್ಕೆ ಗುತ್ತಿಗೆ ಮೇಲೆ ಬರೋರು." ಅಷ್ಟಕ್ಕೇ ನಿಲ್ಲಲಿಲ್ಲ. ಹಗ್ಗ ಹರಿದದ್ದು ಯಾಕೆಂದು ನಾಲ್ಕು ಜನ ಕೇಳತೊಡಗಿದಾಗ ಮ್ಯಾನೇಜರು ಶೆಡ್ಡಿನ ಮಧ್ಯೆ ನಿಂತು ಹೇಳಿದ: "ಹಗ್ಗ ಎಲ್ಲಿ ಹರಿಯಿತು? ಮಡಚಿದ್ದು ಸರಿ ಇರಲಿಲ್ಲ, ಗಂಟು ಬಿತ್ತು. ಮಡಚಿದವರು ಅವರ ಹೆಂಡತೀನೇ." ಮರುದಿನದಿಂದ ಆಕೆ ಕೆಲಸಕ್ಕೆ ಬರಬೇಕಿಲ್ಲ ಎಂದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗಂಡನ ಕಾಲು ಪ್ಲಾಸ್ಟರಿನಲ್ಲಿ, ಹೆಂಡತಿಯ ಹೆಸರು ಕೆಸರಿನಲ್ಲಿ, ಮನೆಗೆ ಬರುತ್ತಿದ್ದ ಎರಡು ಕೂಲಿಯೂ ಒಂದೇ ಏಟಿಗೆ ಬಂದ್.

ಆಕೆ ಆ ದಿನಗಳಲ್ಲಿ ಊಟ ಮಾಡುತ್ತಿರಲಿಲ್ಲ. ಹಾಸಿದ ಹೊದಿಕೆಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. "ನನ್ನ ಕೈ ತಪ್ಪಿತೇನೋ. ನಿಮ್ಮನ್ನ ನಾನೇ ಕೊಲ್ತಿದ್ನೇನೋ," ಎಂದು ಅತ್ತರು. ತೊಟ್ಟಿಲಣ್ಣ ಮಂಚದ ಮೇಲಿಂದಲೇ ಗದರಿದರು: "ಹುಚ್ಚಿ, ಹಗ್ಗ ಹರಿದದ್ದು ನಾನೇ ಕಣ್ಣಾರೆ ನೋಡಿದ್ದೀನಿ. ಗಂಟೂ ಇಲ್ಲ, ಗಿಂಟೂ ಇಲ್ಲ." ಆದರೆ ಕಳಚಿಬಿದ್ದ ಛತ್ರಿಯನ್ನು ಮ್ಯಾನೇಜರು ಅಂದೇ ಹೊಲದಿಂದ ಎತ್ತಿಸಿದ್ದ. ಅದು ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಕೂಲಿಯವರು ಕಣ್ಣಾರೆ ಕಂಡದ್ದಕ್ಕೆ ಯಾವ ಬೆಲೆ?

ಇಲ್ಲಿ ಡಾಕ್ಟರಮ್ಮ ಮತ್ತೆ ಬರುತ್ತಾರೆ. ಅವರಿಗೆ ಕಚೇರಿ ಕಳಿಸಿದ್ದು ಹಾಡು ಕೂಡಿಸಿದ ತುಣುಕು: ವಿಮಾನ, ನಗು, ಜಿಗಿತ, ಅಲ್ಲಿಗೆ ಮುಕ್ತಾಯ. ಡಾಕ್ಟರಮ್ಮ ನೇರವಾಗಿ ಕಚೇರಿಗೆ ಬಂದು, ಟಿಕೆಟಿಗೆ ಸಾಲು ನಿಂತ ಜನರ ಎದುರೇ ಕುರ್ಚಿ ಎಳೆದು ಕೂತರು. "ಪೂರ್ತಿ ವಿಡಿಯೋಗೆ ದುಡ್ಡು ಕೊಟ್ಟಿದ್ದೀನಿ. ಹಲ್ಲು ಅರ್ಧ ಕಿತ್ತು ಪೂರ್ತಿ ದುಡ್ಡು ತಗೊಳ್ಳೋ ಡಾಕ್ಟರ್ ಅಲ್ಲ ನಾನು. ನೀವೂ ಹಾಗೆ ಮಾಡಬೇಡಿ," ಎಂದರು. ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದ್ದನ್ನು ಕಂಡು ಗಾಬರಿಯಾದ ಟಿಕೆಟಿನ ಹುಡುಗಿ ಪೂರ್ತಿ ವಿಡಿಯೋ ಕೊಟ್ಟುಬಿಟ್ಟಳು. ಅದನ್ನು ಹಿಡಿದು ಡಾಕ್ಟರಮ್ಮ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದರು.

ಮೂವರೂ ಮಂಚದ ಮೇಲೆ ಕೂತು ನೋಡಿದರು. ಛತ್ರಿ ಬಿಚ್ಚಿದಾಗ ತೊಟ್ಟಿಲಣ್ಣನ ಹೆಂಡತಿ ಚೀರಿದರು: "ನಿಲ್ಲಿಸಿ, ಅಲ್ಲೇ ನಿಲ್ಲಿಸಿ!" ಛತ್ರಿಯ ಅಂಚಿನಲ್ಲಿ ಒಂದು ನೀಲಿ ತೇಪೆ. "ಈ ತೇಪೆ ಹಾಕಿದ್ದು ನಾನು. ಇದರ ಹಗ್ಗ ಸವೆದು ನಾರು ಎದ್ದಿದೆ ಅಂತ ಕೆಂಪು ಪಟ್ಟಿ ಕಟ್ಟಿ ಮೂಲೆಗೆ ಹಾಕಿದ್ದೆ. ಹೊಸ ಹಗ್ಗ ಹಾಕಿಸಿ ಅಂತ ಮ್ಯಾನೇಜರಿಗೆ ಹೇಳಿದ್ದೆ. ಇದನ್ನ ಮಡಚಿದ್ದು ನಾನಲ್ಲ."

ಮಡಚಿದ್ದು ಯಾರು? ಕಣ್ಣಾರೆ ಕಂಡಿದ್ದ ಕಾವಲುಗಾರ ಆಮೇಲೆ ಬಾಯಿಬಿಟ್ಟ. ರಜೆಯ ನೂಕುನುಗ್ಗಲಿನಲ್ಲಿ ಛತ್ರಿ ಸಾಲದೆ ಬಂದಾಗ, ಆಕೆ ಊಟಕ್ಕೆ ಹೋದ ಹೊತ್ತಿನಲ್ಲಿ ಮ್ಯಾನೇಜರೇ ಕೆಂಪು ಪಟ್ಟಿ ಬಿಚ್ಚಿ, ತಾನೇ ಮಡಚಿ, ಸಿದ್ಧವಾದ ಚೀಲಗಳ ಸಾಲಿಗೆ ಇಟ್ಟಿದ್ದ. ಹಾರಾಟ ರದ್ದಾದರೆ ಟಿಕೆಟಿನ ಹಣ ವಾಪಸು ಕೊಡಬೇಕಲ್ಲ! ಎರಡು ಜೀವಕ್ಕಿಂತ ಅದೇ ದೊಡ್ಡದಾಗಿ ಕಂಡಿತು.

ಮುಂದಿನ ಶನಿವಾರ ತೊಟ್ಟಿಲಣ್ಣ ಊರುಗೋಲು ಹಿಡಿದು, ಹೆಂಡತಿಯೊಂದಿಗೆ ಶೆಡ್ಡಿಗೆ ಬಂದರು. ಹಾರುವವರು, ಮಡಚುವವರು ಎಲ್ಲರೂ ಸುತ್ತ ಸೇರಿ ವಿಡಿಯೋ ನೋಡಿದರು. ಯಾರೂ ಕೂಗಾಡಲಿಲ್ಲ. ಒಬ್ಬ ಹೆಲ್ಮೆಟ್ ತೆಗೆದು ನೆಲಕ್ಕಿಟ್ಟ, ಇನ್ನೊಬ್ಬ ಚೀಲ ಇಳಿಸಿದ. ಎಲ್ಲರೂ ಜಮಖಾನದ ಮೇಲೆ ಕೂತುಬಿಟ್ಟರು. ಹೊರಗೆ ವಿಮಾನದ ಮೂತಿಯ ಪಂಖ ಗಿರಗಿರ ತಿರುಗುತ್ತಿತ್ತು, ಹತ್ತುವವರು ಒಬ್ಬರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಧಣಿ ಕಾರಿನಲ್ಲಿ ಓಡಿ ಬಂದ.

"ಇದೇನಯ್ಯಾ, ನೀನೇ ಹೀಗೆ ಮಾಡಿದ್ರೆ ಹೇಗೆ?" ಎಂದ, ಎಂದಿನಂತೆ ಬೆನ್ನು ತಟ್ಟಲು ಕೈ ಚಾಚುತ್ತಾ.

ತೊಟ್ಟಿಲಣ್ಣ ಹಿಂದೆ ಸರಿದರು. "ಬೆನ್ನು ತಟ್ಟಿದ್ದು ಸಾಕು ಧಣಿ. ಮೊದಲು ನನ್ನ ಹೆಂಡತಿ ಹತ್ರ ಕ್ಷಮೆ ಕೇಳಿ. ಎಲ್ಲರ ಮುಂದೆ."

ಧಣಿ ಕೇಳಿದ. ತುಟಿಯ ತುದಿಯಿಂದಲೇ ಆದರೂ ಕೇಳಿದ. ಆಕೆಗೆ ಕೆಲಸ ಮರಳಿ ಸಿಕ್ಕಿತು. ಮಡಚುವವರು ಬೇಡವೆಂದ ಛತ್ರಿಯನ್ನು ಬೇರೆ ಯಾರೂ ಮುಟ್ಟಬಾರದು ಎಂಬ ಕಟ್ಟಳೆ ಬಂತು. ಹಳೆಯ ಹಗ್ಗಗಳೆಲ್ಲ ಬದಲಾದವು, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮ್ಯಾನೇಜರನ್ನು? ಟಿಕೆಟ್ ಕಚೇರಿಗೆ ವರ್ಗ ಮಾಡಿದರು. ಅಲ್ಲೂ ತಿಂಗಳ ಸಂಬಳವೇ. ಇನ್ನು ತೊಟ್ಟಿಲಣ್ಣನ ಮುರಿದ ಕಾಲಿಗೆ ಸಂಸ್ಥೆ ಕೊಟ್ಟದ್ದು ಒಂದು ಹೂಗುಚ್ಛ, ಜೊತೆಗೆ ಒಂದು ಕೂಪನ್. ಕೂಪನ್ನಿನಲ್ಲಿ ಬರೆದಿತ್ತು: ಒಂದು ಜಿಗಿತ ಉಚಿತ. ಬದುಕೆಲ್ಲ ಹಾರಿ ಸವೆದವರಿಗೆ ಒಂದು ಪುಕ್ಕಟೆ ಹಾರಾಟ! ಇದು ಎಂಥ ಅವಿವೇಕ? ಶಸ್ತ್ರಚಿಕಿತ್ಸೆಯ ಖರ್ಚು ಹೊತ್ತವರು ಕೈಯಿಂದ ಕೈಗೆ ಹಣ ಕೂಡಿಸಿದ ಜೊತೆಗಾರರು ಮತ್ತು ಡಾಕ್ಟರಮ್ಮ.

"ಹೂವು ಬಾಡೋಕೆ ಮುಂಚೆ ಅವಳು ಕೂಪನ್ ಹರಿದು ಒಲೆಗೆ ಹಾಕಿದ್ಲು," ಎಂದು ತೊಟ್ಟಿಲಣ್ಣ ಹೇಳುತ್ತಾರೆ. "ನಾನು ಬೇಡ ಅನ್ನಲಿಲ್ಲ."

ಎಂಟು ತಿಂಗಳು ಮನೆಯಲ್ಲಿ ಕೂತು, ಹಿಮ್ಮಡಿಯಲ್ಲಿ ಲೋಹದ ತುಂಡು ಹೊತ್ತು ಅವರೀಗ ಮತ್ತೆ ಶೆಡ್ಡಿಗೆ ಬರುತ್ತಿದ್ದಾರೆ. ಮೊದಲಿನಷ್ಟು ಜಿಗಿತ ಆಗುವುದಿಲ್ಲ, ಹಾಗಾಗಿ ಮೊದಲಿನಷ್ಟು ಕೂಲಿಯೂ ಇಲ್ಲ. ಹೊಸದೆಂದರೆ ಒಂದೇ: ಪ್ರತಿ ಸೋಮವಾರ ಹಾರುವವರೂ ಮಡಚುವವರೂ ಜಮಖಾನದ ಮೇಲೆ ಒಟ್ಟಿಗೆ ಕೂಡುತ್ತಾರೆ. ಕಾದ ದಿನಕ್ಕೂ ಕೂಲಿ ಬೇಕು, ಗಾಯಕ್ಕೆ ಔಷಧದ ಖರ್ಚು ಬೇಕು ಎಂದು ಧಣಿಯನ್ನು ಕೇಳುತ್ತಲೇ ಇದ್ದಾರೆ. ಧಣಿ ನೋಡೋಣ ಎನ್ನುತ್ತಲೇ ಇದ್ದಾನೆ. ಮಾತಾಡಲು ಮುಂದೆ ನಿಲ್ಲುವುದು ತೊಟ್ಟಿಲಣ್ಣನ ಹೆಂಡತಿ.

ಮೋಡ ಚೆದುರಿದೆ. ದಿನದ ಮೊದಲ ಗಿರಾಕಿ ಬಂದಿದ್ದಾನೆ, ಹೊಸ ಶೂ, ಹೊಳೆವ ಕೈಗಡಿಯಾರ. ಪಟ್ಟಿ ಬಿಗಿಸಿಕೊಳ್ಳುತ್ತಾ ಅವನು ಕೇಳುತ್ತಾನೆ: "ಅಂಕಲ್, ದಿನಾ ಹಾರಬಹುದು, ಮೇಲೆ ದುಡ್ಡೂ ಕೊಡ್ತಾರೆ. ನಿಮ್ಮಂಥ ಅದೃಷ್ಟವಂತರು ಯಾರಿದ್ದಾರೆ?"

ತೊಟ್ಟಿಲಣ್ಣ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಹುಡುಗನ ಮೇಲೆ ಅವರಿಗೆ ಸಿಟ್ಟಿಲ್ಲ.

"ಮೇಲೆ ನನಗೆ ಏನೂ ಕೊರತೆ ಇಲ್ಲಪ್ಪ," ಎನ್ನುತ್ತಾರೆ. "ನನಗೆ ಬೇಕಿರೋದೆಲ್ಲ ನೆಲದ ಮೇಲೆ. ತಿಂಗಳಾದ್ರೆ ಒಂದು ಸಂಬಳ, ಬಿದ್ದರೆ ಒಬ್ಬ ಡಾಕ್ಟರು. ಅಷ್ಟು ಸಿಕ್ಕಿದ ದಿನ ನೀನು ಹೇಳಿದ ಅದೃಷ್ಟ ಒಪ್ಕೋತೀನಿ. ನಡಿ, ವಿಮಾನ ಕಾಯ್ತಿದೆ."