ದಸ್ತಗಿರಿ ಸರ್ ಕಲಿಸಿದ ಬೆಳಕು

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಮದುವೆಯ ಫೋಟೋಗಳನ್ನು ತಿರುಗಿಸಿ ನೋಡಿದರೆ, ಬಹಳಷ್ಟರ ಹಿಂಬದಿಯಲ್ಲಿ ದಸ್ತಗಿರಿ ಸರ್ ಅವರ ಸ್ಟುಡಿಯೊದ ನೀಲಿ ಮೊಹರು ಕಾಣುತ್ತದೆ. ನಲವತ್ತೆರಡು ವರ್ಷ ಈ ಸೀಮೆಯ ಮುಖಗಳನ್ನು ಗೌರವದಿಂದ ಕಂಡು, ಬಂದು ಕೇಳಿದವರಿಗೆಲ್ಲ ಪ್ರತಿ ಭಾನುವಾರ ಪಾಠ ಹೇಳಿ ತಮ್ಮ ವಿದ್ಯೆಯನ್ನು ಮುಚ್ಚುಮರೆಯಿಲ್ಲದೆ ಹಂಚಿದ ಹಿರಿಯ ಛಾಯಾಗ್ರಾಹಕರು ಅವರು. ಎಪ್ಪತ್ತರ ವಯಸ್ಸಿನಲ್ಲಿ ಸ್ಟುಡಿಯೊವನ್ನು ಮಗಳು ನಿಶಾತಳಿಗೆ ಒಪ್ಪಿಸಿ ಅವರು ವಿಶ್ರಾಂತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಈ ಅಭಿನಂದನಾ ಗ್ರಂಥಕ್ಕೆ ಶಿಷ್ಯೆಯಾಗಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯ.

ನಾನು ಬಿ.ಕಾಂ. ಮುಗಿಸಿ ಅವರಲ್ಲಿ ಕಲಿಯಲು ಸೇರಿದ್ದು 2015ರಲ್ಲಿ. ಹುಡುಗಿ ಕ್ಯಾಮೆರಾ ಹೊತ್ತು ಊರೂರು ಅಲೆಯುವುದೇ ಎಂದು ನನ್ನ ತಂದೆ ಶಿವಯೋಗಪ್ಪನವರು ಹಿಂಜರಿದಾಗ, ಅಪ್ಪನನ್ನು ಸರ್ ಕೂರಿಸಿ ಚಹಾ ಕೊಟ್ಟು, "ನನ್ನ ಮಗಳೂ ಹೋಗ್ತಾಳ್ರಿ. ಇಬ್ರೂ ಕೂಡೇ ಹೋಗಿ ಬರ್ತಾರ" ಎಂದಿದ್ದರು.

ಮೊದಲ ಮೂರು ತಿಂಗಳು ಅವರು ನನ್ನ ಕೈಗೆ ಕ್ಯಾಮೆರಾ ಕೊಡಲಿಲ್ಲ. ಒಮ್ಮೆ ನೀಲಗುಂದದ ಭೀಮೇಶ್ವರ ಗುಡಿಗೆ ಕರೆದೊಯ್ದು, ಒಂದೇ ಶಿಲ್ಪದ ಎದುರು ಬೆಳಗಿನಿಂದ ಸಂಜೆಯವರೆಗೆ ಕೂರಿಸಿದರು. ಬೆಳಿಗ್ಗೆ ಸಪಾಟಾಗಿ ಕಂಡ ಬೆರಳುಗಳು ಸಂಜೆಯ ಓರೆಬಿಸಿಲಿಗೆ ಒಂದೊಂದಾಗಿ ಎದ್ದು ನಿಂತವು. ಕಂಡೆ, ಆದರೆ ಅರಿಯಲಿಲ್ಲ. ಬೆಳಕು ಹೆಚ್ಚಿದಷ್ಟೂ ಚಿತ್ರ ಚೆಂದ ಎಂಬುದೇ ನನ್ನ ನಂಬಿಕೆಯಾಗಿತ್ತು.

ಮರುವರ್ಷ ನನ್ನ ಕಾಲೇಜಿನ ಸಹಪಾಠಿ ರೇಣುಕಾಳ ಮದುವೆ ಗೊತ್ತಾಯಿತು. ಗಂಡನ ಮನೆಗೆ ಒಯ್ಯಲು ಅವಳಿಗೆ ಅವ್ವನದೊಂದು ಫೋಟೋ ಬೇಕಿತ್ತು. ಮನೆಯಲ್ಲಿ ಒಂದೂ ಇರಲಿಲ್ಲ. ಅವಳ ತಾಯಿ, ಮಾಗಳದ ನಾಗಕ್ಕ, ಮುಖದ ಮೇಲೆ ತೊನ್ನಿನ ಬಿಳಿ ಕಲೆಗಳು ಮೂಡಿದಂದಿನಿಂದ ಕ್ಯಾಮೆರಾ ಕಂಡರೆ ಮರೆಗೆ ಸರಿಯುತ್ತಿದ್ದರು. ಮಗಳ ಒತ್ತಾಯಕ್ಕೆ ಅವರು ಸ್ಟುಡಿಯೊಗೆ ಬಂದ ದಿನ ಸರ್ ಹರಪನಹಳ್ಳಿಗೆ ಹೋಗಿದ್ದರು. ನಾನು ಎರಡು ದೊಡ್ಡ ದೀಪಗಳನ್ನು ಎದುರಿಗಿಟ್ಟು ಫೋಟೋ ತೆಗೆದೆ. ಕಂಪ್ಯೂಟರಿನಲ್ಲಿ ಕಲೆಗಳನ್ನೆಲ್ಲ ಅಳಿಸಿ, ಹೆಮ್ಮೆಯಿಂದ ಅವರ ಕೈಗಿತ್ತೆ.

ನಾಗಕ್ಕ ಬಹಳ ಹೊತ್ತು ನೋಡಿದರು. "ಚಲೋ ಐತವ್ವ. ಆದ್ರ ಇದ್ರಾಗ ನಾನಿಲ್ಲ" ಎಂದು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಹೊರಟರು. ರೇಣುಕಾ ಅಳುತ್ತ ಅವರ ಹಿಂದೆ ಹೋದಳು.

ವಿಷಯ ತಿಳಿದ ಸರ್ ಬೈಯಲಿಲ್ಲ. ಮರುದಿನವೇ ನನ್ನನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಮಾಗಳಕ್ಕೆ ಬಂದರು. ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ನಾಗಕ್ಕನಿಗೆ ಕೈಮುಗಿದು, "ತಪ್ಪು ನಂದವ್ವ. ಹುಡುಗಿಗೆ ಕಲಿಸೋದು ಇನ್ನೂ ಬಾಕಿ ಐತಿ" ಎಂದರು. ನಾನೂ ಕೈಮುಗಿದೆ.

"ಬರ್ರಿ ಸಾಹೇಬ್ರ, ಕುಂದರ್ರಿ" ಎಂದರು ನಾಗಕ್ಕ. ಕ್ಯಾಮೆರಾ ಚೀಲದಲ್ಲೇ ಇತ್ತು. ನಾವೂ ಶೇಂಗಾ ಸುಲಿಯತೊಡಗಿದೆವು.

"ಬಿಸಲು ಎಲ್ಲಿ ಐತಿ ನೋಡು," ಎಂದರು ಸರ್ ಮೆಲ್ಲಗೆ. ಬಿಸಿಲು ನಾಗಕ್ಕನ ಮೇಲಿರಲಿಲ್ಲ. ಅದು ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದು, ಅಲ್ಲಿಂದ ತಣ್ಣಗಾಗಿ ಮರಳಿ ಅವರ ಬಾಗಿಲಿಗೆ ಬರುತ್ತಿತ್ತು. ಆ ಬೆಳಕಿನಲ್ಲಿ ಕಂದು ಬಣ್ಣ, ಬಿಳಿ ಬಣ್ಣ, ಕಣ್ಣಂಚಿನ ನೆರಿಗೆ ಎಲ್ಲವೂ ಒಂದೇ ಮುಖವಾಗಿದ್ದವು. ನಾನು ಕಲೆಗಳನ್ನು ಮರೆತು ನಾಗಕ್ಕನನ್ನು ನೋಡತೊಡಗಿದ್ದೆ.

ಎರಡು ತಾಸಿನ ಮೇಲೆ ಅವರೇ ಕೇಳಿದರು: "ಈಗ ತೆಗೀತೀಯೇನವ್ವ?"

ಒಂದೇ ಒಂದು ತೆಗೆದೆ. ಕ್ಯಾಮೆರಾದ ಪರದೆಯಲ್ಲಿ ತಮ್ಮ ಕೆನ್ನೆಯ ಮೇಲೆ ಬೆರಳಾಡಿಸಿ ನಾಗಕ್ಕ ಹೇಳಿದರು: "ಹ್ಞೂ, ಇದು ನಾನ. ರೇಣುಕಾ ಒಯ್ಲಿ." ಆ ಮದುವೆಯ ಗುಂಪಿನ ಫೋಟೋದಲ್ಲಿ ಅವರು ಮುಂದಿನ ಸಾಲಿನಲ್ಲಿ, ಮಗಳ ಪಕ್ಕದಲ್ಲಿ ನಿಂತಿದ್ದಾರೆ.

ಇಂದು ನಾನು ಹಗರಿಬೊಮ್ಮನಹಳ್ಳಿಯಲ್ಲಿ ಸ್ವಂತ ಸ್ಟುಡಿಯೊ ನಡೆಸುತ್ತಿದ್ದೇನೆ. ಈ ಗ್ರಂಥಕ್ಕಾಗಿ ಸರ್ ಅವರ ಭಾವಚಿತ್ರ ಬೇಕಾದಾಗ ಅವರ ಮನೆಯಲ್ಲಿ ಹುಡುಕಿದೆವು. ಊರಿನವರದೆಲ್ಲ ಇತ್ತು, ಅವರದೊಂದೂ ಇರಲಿಲ್ಲ. ಕಳೆದ ತಿಂಗಳು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅವರೇ ನನ್ನಲ್ಲಿಗೆ ಬಂದರು. ಬಾಗಿಲಲ್ಲಿ ನಿಂತು, ಹೊಸದಾಗಿ ಬಂದವರಂತೆ ತುಸು ನಾಚುತ್ತ ಕೇಳಿದರು: "ಎಲ್ಲಿ ಕುಂದ್ರಲವ್ವ? ನೀನ ಹೇಳು."

ಕಿಟಕಿಯ ಬಳಿ ಕುರ್ಚಿ ಹಾಕಿಕೊಟ್ಟೆ. ಈ ಗ್ರಂಥದ ಮೊದಲ ಪುಟದಲ್ಲಿರುವುದು ಆ ಚಿತ್ರವೇ. ಗುರುಗಳು ನೂರ್ಕಾಲ ಬಾಳಲಿ. ಭಾನುವಾರದ ಅವರ ಪಾಠಗಳು ನಿಲ್ಲದಿರಲಿ. ನನ್ನ ಕಿಟಕಿಯ ಬಳಿ ಅವರು ಇನ್ನೂ ಹಲವು ಸಲ ಬಂದು ಕೂರಲಿ.